ಅಜ್ಜಿ ತೋರಿಸಿದ ದಾರಿ

ಆ ಪ್ರಯಾಣವನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಮೊದಲು ಕಟ್ಟುವುದು ಕಾರಿನ ಕಿಟಕಿಯಿಂದ ಹೊರಗೆ ಚಾಚಿದ ಅಜ್ಜಿಯ ಎಡಗೈ. ಮೊಣಕೈವರೆಗೆ ಮಾಸಿದ ಹಚ್ಚೆ, ಮಣಿಕಟ್ಟಿನಲ್ಲಿ ಜಾರಾಡುವ ಬೆಳ್ಳಿ ಕಡಗ, ತುದಿಯಲ್ಲಿ ಕೊಂಚ ಸೊಟ್ಟಗಾದ ತೋರುಬೆರಳು. ಬಿಸಿಗಾಳಿಗೆ ಸೆರಗು ಪಟಪಟನೆ ಹೊಡೆದುಕೊಳ್ಳುತ್ತಿದ್ದರೂ ಆ ಬೆರಳು ಅಲುಗುತ್ತಿರಲಿಲ್ಲ. ಅದು ತೋರಿಸಿದ ಕಡೆಗೆ ಅಪ್ಪ ಕಾರು ತಿರುಗಿಸುತ್ತಿದ್ದರು. ಆ ಬೆರಳಿನ ಮೇಲೆ ಅವರಿಗಿದ್ದಷ್ಟು ನಂಬಿಕೆ ದೇವರ ಮೇಲಾದರೂ ಇತ್ತೋ ಇಲ್ಲವೋ.

ಅಜ್ಜಿಗೆ ಪುಟ್ಟಮ್ಮಣ್ಣಿ ಎಂದು ಒಬ್ಬರೇ ತಂಗಿ. ಅರ್ಧ ದಿನದ ಹಾದಿಯಷ್ಟು ದೂರದ ಹಳ್ಳಿಯಲ್ಲಿ ಮಗ ಸೊಸೆಯೊಂದಿಗೆ ಇದ್ದರು. ಇಷ್ಟು ಹತ್ತಿರವಿದ್ದರೂ ನಾನಾಗಲಿ ನನ್ನ ತಮ್ಮ ಬಸುವಾಗಲಿ ಆ ಚಿಕ್ಕಜ್ಜಿಯ ಮುಖ ಕಂಡವರಲ್ಲ. ಪ್ರತಿ ಬೇಸಿಗೆ ರಜೆಯಲ್ಲೂ ಅಪ್ಪ ಹೋಗಿಬರುವ ಮಾತೆತ್ತುತ್ತಿದ್ದರು. ಪ್ರತಿ ಸಲವೂ ಅಜ್ಜಿಗೆ ಏನಾದರೊಂದು ಅಡ್ಡಿ ಬರುತ್ತಿತ್ತು. ಒಂದು ವರ್ಷ ಮಂಡಿನೋವು, ಇನ್ನೊಂದು ವರ್ಷ ಹಸು ಗಬ್ಬ, ಮತ್ತೊಂದು ವರ್ಷ ಹೊಸದಾಗಿ ಹಾಕಿದ ಉಪ್ಪಿನಕಾಯಿ. ಭರಣಿಯನ್ನು ಒಂಟಿಯಾಗಿ ಬಿಟ್ಟುಬಂದರೆ ಅದು ಬೇಸರಪಟ್ಟುಕೊಳ್ಳುತ್ತದೆ ಎಂಬಂತೆ ಅವರು ಮಾತನಾಡುತ್ತಿದ್ದರು.

ಆ ವರ್ಷ ಚಿಕ್ಕಜ್ಜಿಯ ಮಗ, ನಮ್ಮ ಚಿಕ್ಕಪ್ಪ, ತಾವೇ ಬಂದರು. "ಅವ್ವಂಗೆ ಆಗಾಗ ಉಸಿರು ಕಟ್ಟುತ್ತೆ, ದೊಡ್ಡವ್ವ. ಒಂದ್ಸಲ ಬಂದು ನೋಡ್ಕೊಂಡು ಹೋಗಿ" ಎಂದರು. ಮರುದಿನ ನಾವು ಏಳುವ ಹೊತ್ತಿಗೆ ಅಜ್ಜಿ ಅಟ್ಟದಿಂದ ತಮ್ಮ ಟ್ರಂಕನ್ನು ತಾವೇ ಇಳಿಸಿಕೊಂಡು, ಧೂಳು ಒರೆಸುತ್ತ ಕೂತಿದ್ದರು. ಎರಡು ದಿನ ಬಿಟ್ಟು ಬರುತ್ತೇವೆಂದು ಅಪ್ಪ ಹೇಳಿದ ಮೇಲೆ ಚಿಕ್ಕಪ್ಪ ತಮ್ಮೂರಿಗೆ ಮರಳಿದರು.

ಕಾರು ಸೋದರಮಾವನದು. ಅದಕ್ಕೆ ಗಳಿಗೆಗೊಮ್ಮೆ ನೀರು ಕುಡಿಸಬೇಕಿತ್ತು. ಕುಡಿದ ಮೇಲೂ ಕೆಮ್ಮುತ್ತಿತ್ತು. ಅಪ್ಪ ಕಾರು ಓಡಿಸಲು ಕಲಿತು ಹೆಚ್ಚು ಕಾಲವಾಗಿರಲಿಲ್ಲ. ಎದುರಿಗೆ ಎತ್ತಿನಗಾಡಿ ಬಂದರೆ ಪಕ್ಕಕ್ಕೆ ನಿಲ್ಲಿಸಿ, ಅದು ಹಾದುಹೋಗುವವರೆಗೆ ಹಿರಿಯರ ಮುಂದೆ ನಿಂತವರಂತೆ ಕಾಯುತ್ತಿದ್ದರು. ಆದರೆ ದಾರಿ ಕೇಳುವುದೆಂದರೆ ಮಾತ್ರ ಅವರಿಗೆ ನಡುಬೀದಿಯಲ್ಲಿ ಪಂಚೆ ಜಾರಿದಷ್ಟು ಅವಮಾನ. "ಯಾರನ್ನ ಯಾಕೆ ಕೇಳಬೇಕು? ನಮ್ಮವ್ವ ಇಲ್ವಾ?" ಎಂದು ಹೊರಡುವಾಗಲೇ ಹೇಳಿಬಿಟ್ಟಿದ್ದರು.

ಅಜ್ಜಿ ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ನಡುವೆ ಅಮ್ಮ, ಅವಳ ಮಡಿಲಲ್ಲಿ ಬುತ್ತಿಯ ಗಂಟು, ಅತ್ತಿತ್ತ ನಾವಿಬ್ಬರು. ಬಸುವಿಗೆ ಕಾರೆಂದರೆ ವಾಂತಿ. ಅವನು ಕಾರು ಹೊರಡುವ ಮೊದಲೇ ಆ ಕೆಲಸ ಮುಗಿಸಿಕೊಂಡು ನಿರಾಳವಾಗಿ ಕೂತ.

ಪೇಟೆ ದಾಟಿ, ಹೊಲಗಳ ನಡುವಿನ ಮಣ್ಣುದಾರಿ ಹಿಡಿದ ಮೇಲೆ ಅಜ್ಜಿಯ ಕೈ ಕೆಲಸ ಶುರುಮಾಡಿತು. ಕಾಲುವೆಯ ಸೇತುವೆ ಬಳಿ ದಾರಿ ಕವಲೊಡೆದಿತ್ತು. ಕೈ ಕಿಟಕಿಯಿಂದ ಹೊರಬಂತು. "ಎಡಕ್ಕೆ." ಸ್ವಲ್ಪ ದೂರ ಹೋದ ಮೇಲೆ, "ಇಲ್ಲೊಂದು ಗೋಣಿಮರ ಇತ್ತು. ಇದ್ದಿದ್ದರೆ ಅದರ ಪಕ್ಕದಲ್ಲೇ ತಿರುಗಬೇಕಿತ್ತು. ಎಡಕ್ಕೆ." ಇನ್ನೂ ಮುಂದೆ, "ಈರಣ್ಣನ ಎಮ್ಮೆ ಬಾವಿಗೆ ಬಿದ್ದದ್ದು ಇಲ್ಲೇ. ಎಡಕ್ಕೆ." ಅಲ್ಲಿ ಈರಣ್ಣನೂ ಇರಲಿಲ್ಲ, ಎಮ್ಮೆಯೂ ಇರಲಿಲ್ಲ, ಬಾವಿಯೂ ಕಾಣಲಿಲ್ಲ. ಅಪ್ಪ ತಿರುಗಿಸಿದರು.

ಹೊಂಗೆಮರದ ನೆರಳಲ್ಲಿ ಕಲ್ಲಂಗಡಿ ಹಣ್ಣು ರಾಶಿ ಹಾಕಿಕೊಂಡು, ಹಗ್ಗದ ಮಂಚದ ಮೇಲೆ ಒಬ್ಬ ದಪ್ಪನೆಯ ಮನುಷ್ಯ ಕೂತಿದ್ದ. ಕಾರಿಗೆ ನೀರು ಬೇಕಾಗಿತ್ತು. ಬರೀ ನೀರು ಕೇಳುವುದು ಹೇಗೆಂದು ಅಪ್ಪ ಒಂದು ಹಣ್ಣು ಕೊಂಡರು. ಮುಂದೆ ಹೋದೆವು. ಕಾಲುವೆ ಬಂತು, ಸೇತುವೆ ಬಂತು, ಅಜ್ಜಿಯ ಕೈ ಹೊರಬಂತು. ಬಹಳ ಹೊತ್ತಿನ ಮೇಲೆ ದೂರದಲ್ಲಿ ಒಂದು ಹೊಂಗೆಮರ ಕಂಡಿತು. ಅದರ ಕೆಳಗೆ ಹಸಿರು ರಾಶಿ, ಹಗ್ಗದ ಮಂಚ, ಅದೇ ಮನುಷ್ಯ.

"ಏನ್ ಸ್ವಾಮಿ, ಹಣ್ಣು ಸಿಹಿಯಾಗಿತ್ತಾ?" ಎಂದ.

ಅಪ್ಪನ ಕಿವಿ ಕೆಂಪಾಯಿತು. "ಬಹಳ ಚೆನ್ನಾಗಿತ್ತು. ಅದಕ್ಕೇ ಬಂದ್ವಿ. ಇನ್ನೆರಡು ಕೊಡು."

ನಾವು ಮೊದಲಿನ ಹಣ್ಣನ್ನು ಇನ್ನೂ ಕೊಯ್ದೇ ಇರಲಿಲ್ಲ. ಹೊಸ ಹಣ್ಣುಗಳು ನನ್ನ ಮತ್ತು ಬಸುವಿನ ಕಾಲಡಿಗೆ ಬಂದವು. ಕಾರು ಮತ್ತೆ ಹೊರಟಿತು. ಮತ್ತೆ ಕಾಲುವೆ, ಮತ್ತೆ ಕೈ, ಮತ್ತೆ ಹೊಂಗೆಮರ. ಈ ಸಲ ಆತ ಎದ್ದು ನಿಂತು, ನಾವು ಇಳಿಯುವ ಮೊದಲೇ ಹಣ್ಣುಗಳನ್ನು ತಟ್ಟಿ ತಟ್ಟಿ ಆರಿಸತೊಡಗಿದ. ಅಪ್ಪ ದೊಡ್ಡ ವ್ಯಾಪಾರಸ್ಥರಂತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು. ಹಣ್ಣುಗಳು ಬಂದು ಬಂದು ಬಸುವಿನ ಮೊಣಕಾಲು ಗಲ್ಲಕ್ಕೆ ತಾಗಿತು. ಅಮ್ಮನ ಪಕ್ಕದಲ್ಲಿ ಒಂದು ಹಣ್ಣು ಮನೆಯ ಇನ್ನೊಂದು ಮಗುವಿನಂತೆ ಕೂತಿತ್ತು. ಕಾರು ಕುಲುಕಿದಾಗಲೆಲ್ಲ ಅವಳು ಅದನ್ನೂ ತಬ್ಬಿ ಹಿಡಿಯುತ್ತಿದ್ದಳು.

ನಾಲ್ಕನೇ ಸಲ ಅದೇ ಹೊಂಗೆಮರದ ಕೆಳಗೆ ಕಾರು ನಿಂತಾಗ ಅಮ್ಮನ ತಾಳ್ಮೆ ಮುಗಿಯಿತು. "ರೀ, ಬೆಳಗ್ಗೆಯಿಂದ ಬರೀ ಎಡಕ್ಕೇ ತಿರುಗ್ತಿದ್ದೀವಿ. ಬರೀ ಎಡಕ್ಕೇ ತಿರುಗಿದರೆ ಗಾಣದ ಎತ್ತು ಎಲ್ಲಿಗೆ ಹೋಗುತ್ತೆ?"

ಅಪ್ಪ ಬಾಯಿ ತೆರೆಯುವ ಮೊದಲೇ ಅವಳು ಹಣ್ಣಿನವನ ಕಡೆ ತಿರುಗಿ ಚಿಕ್ಕಜ್ಜಿಯ ಊರಿನ ಹೆಸರು ಹೇಳಿ ದಾರಿ ಕೇಳಿಯೇಬಿಟ್ಟಳು.

"ಅಯ್ಯೋ ತಾಯಿ, ಇಲ್ಲೇ ಅಲ್ವಾ? ಸೇತುವೆ ಹತ್ರ ಬಲಕ್ಕೆ ಹೋದರೆ ಆ ಗುಡ್ಡದ ಹಿಂದೆ. ಅಲ್ಲಿ ಕೋಳಿ ಕೂಗಿದರೆ ನನಗೆ ಎಚ್ಚರ ಆಗುತ್ತೆ."

ಎಲ್ಲರೂ ಅಜ್ಜಿಯ ಕಡೆ ನೋಡಿದೆವು. ಅಜ್ಜಿ ಗುಡ್ಡದ ಕಡೆ ನೋಡುತ್ತಿದ್ದರು. ನನಗೆ ಆಗ ಹೊಳೆಯಿತು. ಅವರ ಹಿಂದೆಯೇ ಕೂತಿದ್ದ ನಾನು ಪ್ರತಿ ಸಲವೂ ಕಂಡಿದ್ದೆ: ಸೇತುವೆಯ ಬಳಿ ಅವರ ಕೈ ಎಡಕ್ಕೆ ಚಾಚಿದ್ದರೂ ತಲೆ ಬಲಕ್ಕೆ ತಿರುಗಿರುತ್ತಿತ್ತು.

"ಅತ್ತೆ, ನಿಮಗೆ ದಾರಿ ಗೊತ್ತಿತ್ತಾ?" ಅಮ್ಮ ಮೆಲ್ಲಗೆ ಕೇಳಿದಳು.

"ಗೊತ್ತಿಲ್ಲದೆ ಏನು? ಅವಳನ್ನ ಗಂಡನ ಮನೆಗೆ ಬಿಟ್ಟುಬಂದವಳೇ ನಾನು" ಎಂದು ಅಜ್ಜಿ ಕಾರಿನಿಂದಿಳಿದು ಹೋಗಿ ಹಗ್ಗದ ಮಂಚದ ಮೇಲೆ ಕೂತರು.

ಹಣ್ಣಿನವನು ಏನೋ ಅರ್ಥವಾದವನಂತೆ ಒಂದು ಹಣ್ಣು ಕೊಯ್ದು ಎಲ್ಲರ ಕೈಗೂ ಹೋಳು ಕೊಟ್ಟು, ತಾನು ಮರದ ಆ ಬದಿಗೆ ಹೋದ. ಅಜ್ಜಿ ಹೋಳನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳತೊಡಗಿದರು.

"ಅವಳ ಮದುವೆಯಾದ ಹೊಸತು. ಮೊದಲನೇ ಹಬ್ಬಕ್ಕೆ ಅವರ ಮನೆಗೆ ಹೋಗಿದ್ವಿ. ಪುಟ್ಟಿ ತಾನೇ ಒಬ್ಬಟ್ಟು ಮಾಡಿದ್ದಳು. ಪಾಪ, ಗಟ್ಟಿಯಾಗಿಬಿಟ್ಟಿತ್ತು. ಪಂಕ್ತಿ ತುಂಬ ಜನ. ನನ್ನ ಬಾಯಿ ಸುಮ್ಮನಿರಬೇಕಲ್ಲ? 'ಪುಟ್ಟಿ, ಇವನ್ನ ಎತ್ತಿಡೇ. ಮಳೆಗಾಲಕ್ಕೆ ಮನೆಗೆ ಹೊದಿಸಿದರೆ ಹಂಚು ಕೊಳ್ಳೋದು ತಪ್ಪುತ್ತೆ' ಅಂದುಬಿಟ್ಟೆ."

ಅಪ್ಪನಿಗೆ ತಡೆಯಲಾಗಲಿಲ್ಲ. ಗೊಳ್ಳೆಂದು ನಕ್ಕರು; ಕಲ್ಲಂಗಡಿ ರಸ ನೆತ್ತಿಗೇರಿ ಮೂಗಿನಿಂದ ಇಳಿಯಿತು.

ಅಜ್ಜಿ ಅವರನ್ನೇ ನೋಡಿದರು. "ನೋಡು. ಅವತ್ತೂ ಎಲ್ಲರೂ ಹೀಗೇ ನಕ್ಕರು."

ಅಪ್ಪ ಕೆಮ್ಮುತ್ತ ತಲೆ ತಗ್ಗಿಸಿದರು.

"ನಾವು ನಕ್ಕು, ಉಂಡು, ಊರಿಗೆ ಬಂದ್ವಿ. ಅವಳತ್ತೆ ಮಾತ್ರ ನಗೋದು ನಿಲ್ಲಿಸಲಿಲ್ಲ. 'ಹಂಚಿನ ಸೊಸೆ' ಅಂತಲೇ ಹೆಸರಿಟ್ಟರು. ಬಂದವರಿಗೆಲ್ಲ ಹೇಳಿದರು. ಆ ಹೆಂಗಸು ಬದುಕಿರೋವರೆಗೂ ನನ್ನ ತಂಗೀನ ಒಲೆ ಮುಂದೆ ಕೂರೋಕೆ ಬಿಡಲಿಲ್ಲವಂತೆ. ಬೀಸೋದು, ಕುಟ್ಟೋದು, ಮುಸುರೆ ತಿಕ್ಕೋದು. ಇದನ್ನೆಲ್ಲ ನಮ್ಮವ್ವ ಸಾಯೋ ಮುಂಚೆ ಹೇಳಿದಳು. ಅಲ್ಲೀವರೆಗೂ ನಾನು, ಇವಳಿಗೇನು ಧಿಮಾಕು, ತವರಿಗೂ ಬರಲ್ಲ ಅಂತ ಬೈಕೊಂಡು ಓಡಾಡ್ತಿದ್ದೆ. ಈಗ ಯಾವ ಮುಖ ಇಟ್ಕೊಂಡು ಹೋಗಲಿ ಹೇಳು."

ಬಸು ಬೀಜ ಉಗುಳುತ್ತಿದ್ದ. ಕೊನೆಗೆ ಅಪ್ಪ ಮೂಗೊರೆಸಿಕೊಂಡು, "ಹಿಂದಕ್ಕೆ ಹೋಗೋಣವಾ ಅವ್ವ?" ಎಂದರು. ಅವರ ದನಿಯಲ್ಲಿ ಅಷ್ಟು ಮೆದುತನವನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಅಜ್ಜಿ ಎದ್ದು ಹೋಗಿ ತಮ್ಮ ಸೀಟಿನಲ್ಲಿ ಕೂತರು. ಸೇತುವೆ ಬಂತು. ಅಭ್ಯಾಸಬಲದಿಂದ ಕೈ ಕಿಟಕಿಯಾಚೆ ಹೋಯಿತು. ಅಪ್ಪ ಕಾರು ನಿಲ್ಲಿಸಿ ಕಾದರು. ಕೈ ಗಾಳಿಯಲ್ಲಿ ಹಾಗೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಒಳಗೆ ಬಂದು, ಅಪ್ಪನ ಮೂಗಿನ ಮುಂದೆ ಹಾದು, ಬಲಕ್ಕೆ ಚಾಚಿಕೊಂಡಿತು. ಕಡಗ ಅಪ್ಪನ ಕನ್ನಡಕಕ್ಕೆ ಠಣ್ಣೆಂದು ಬಡಿಯಿತು. ಅಪ್ಪ ಕನ್ನಡಕ ಸರಿಮಾಡಿಕೊಂಡು ಬಲಕ್ಕೆ ತಿರುಗಿಸಿದರು.

ಚಿಕ್ಕಪ್ಪ, ಚಿಕ್ಕಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಕಾರಿನ ಬಾಗಿಲು ತೆರೆದೊಡನೆ ನಮಗಿಂತ ಮೊದಲು ಕಲ್ಲಂಗಡಿ ಹಣ್ಣುಗಳು ಉರುಳಿಕೊಂಡು ಅಂಗಳಕ್ಕೆ ಇಳಿದವು. "ಸಂತೆಗೆ ಹೊರಟಿದ್ರಾ ಅಣ್ಣ?" ಎಂದರು ಚಿಕ್ಕಪ್ಪ. ಅಪ್ಪ, "ಮಕ್ಕಳಿಗೆ ಇಷ್ಟ" ಎಂದರು.

ಚಿಕ್ಕಜ್ಜಿ ಹೊರಗೆ ಬರಲಿಲ್ಲ. ಬೆಳಗಿನಿಂದ ಅಡುಗೆಮನೆಯ ಬಾಗಿಲು ಹಾಕಿಕೊಂಡು ಯಾರನ್ನೂ ಒಳಗೆ ಬಿಟ್ಟಿಲ್ಲವೆಂದು ಚಿಕ್ಕಮ್ಮ ಪಿಸುಗುಟ್ಟಿದರು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಅಜ್ಜಿಯನ್ನೇ ಒಗೆದು, ಹಿಂಡಿ, ಒಣಹಾಕಿ ಒಂದು ಗಾತ್ರ ಚಿಕ್ಕದು ಮಾಡಿದಂತಿದ್ದ ಮುದುಕಿಯೊಬ್ಬರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದರು. ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಿದರು. ಚಿಕ್ಕಜ್ಜಿ ನನ್ನ ಕಡೆ ತಿರುಗಿ, "ನಿಮ್ಮಜ್ಜಿಗೆ ಕೈಕಾಲು ತೊಳ್ಕೊಂಡು ಊಟಕ್ಕೆ ಬರೋಕೆ ಹೇಳು ಮಗಳೇ" ಎಂದರು. ಅಜ್ಜಿ ಬಸುವಿಗೆ, "ತೊಳ್ಕೊಂಡಾಯ್ತು ಅನ್ನು" ಎಂದರು. ಬಸು ಇದು ಯಾವುದೋ ಹೊಸ ಆಟವೆಂದು ತಿಳಿದು ಇಬ್ಬರ ಮಾತನ್ನೂ ಗಟ್ಟಿಯಾಗಿ ಕೂಗಿ ಹೇಳಿದ.

ಎಲೆ ಹಾಕಿದರು. ಚಿಕ್ಕಜ್ಜಿ ತಾವೇ ಬಡಿಸಿದರು. ಪಲ್ಯ, ಕೋಸಂಬರಿ, ಅನ್ನ, ಸಾರು, ಆಮೇಲೆ ಬುಟ್ಟಿ ಹಿಡಿದು ಬಂದು ಒಬ್ಬಟ್ಟು. ನನ್ನ ಎಲೆಯ ಮೇಲೆ ಬಿದ್ದದ್ದು ರೇಷ್ಮೆ ಬಟ್ಟೆಯಂತೆ ಮಡಿಕೆಯಾಗಿ ಕೂತಿತು, ಬಾಯಿಗಿಟ್ಟರೆ ಕರಗಿತು. ಅಜ್ಜಿಯ ಎಲೆಗೆ ಮಾತ್ರ ಅವರು ಒಳಗೆ ಹೋಗಿ ಬೇರೆ ತಟ್ಟೆ ತಂದರು. ಅದರಿಂದ ಬಿದ್ದದ್ದು ಸದ್ದು ಮಾಡಿತು.

ಅಜ್ಜಿಯ ಪಕ್ಕ ಕೂತಿದ್ದ ಬಸು ಅದರ ಅಂಚು ಮುರಿಯಲು ನೋಡಿ, "ಅಮ್ಮಾ, ಅಜ್ಜೀದು ಮುರಿಯೋಕೇ ಆಗಲ್ಲ!" ಎಂದು ಕೂಗಿದ.

ಅಪ್ಪ ಎಲೆಯೊಳಗೇ ಮುಖ ಇಳಿಸಿದರು. ಅಜ್ಜಿ ಅದನ್ನು ಎರಡು ಕೈಯಲ್ಲಿ ಎತ್ತಿಕೊಂಡು, ಉಳಿದಿದ್ದ ಕೆಲವೇ ಹಲ್ಲುಗಳ ನಡುವೆ ಇಟ್ಟು ಕಚ್ಚಿದರು. ಅಗಿದರು. ನುಂಗಿದರು. ಮತ್ತೆ ಕಚ್ಚಿದರು. ನಾವೆಲ್ಲ ಊಟ ಬಿಟ್ಟು ನೋಡುತ್ತಿದ್ದೆವು. ಕಣ್ಣಲ್ಲಿ ನೀರು ಬಂದರೂ ಬಿಡದೆ ಪೂರಾ ತಿಂದು, ಎಲೆ ಮುಂದಕ್ಕೆ ಸರಿಸಿ, "ಇನ್ನೊಂದು ಹಾಕು ಪುಟ್ಟಿ" ಎಂದರು.

ಚಿಕ್ಕಜ್ಜಿ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು. "ಅಗಿಯೋಕೆ ಹಲ್ಲೆಲ್ಲಿವೆ ನಿನಗೆ?"

"ಹಲ್ಲಿದ್ದಾಗ ನಾಲಿಗೆ ನೆಟ್ಟಗಿರಲಿಲ್ಲವಲ್ಲೇ."

ಚಿಕ್ಕಜ್ಜಿ ಅಲ್ಲೇ ನೆಲದ ಮೇಲೆ ಕುಸಿದು ಕೂತರು. "ಇವತ್ತು ಊರಲ್ಲಿ ಯಾರ ಮನೆ ಮದುವೆ ಆದರೂ ಒಬ್ಬಟ್ಟಿಗೆ ನನ್ನನ್ನೇ ಕರೀತಾರೆ, ಗೊತ್ತಾ? ಅತ್ತೆ ಹೋದ ಮೇಲೆ ಹಟ ಹಿಡಿದು ಕಲಿತೆ. ಇವು ನಿನಗೆ ಅಂತಲೇ ಬೆಳಗ್ಗೆಯಿಂದ ಕೂತು ಕೆಡಿಸಿ ಮಾಡಿದ್ದು. ಕೆಡಿಸೋದು ಎಷ್ಟು ಕಷ್ಟ ಆಯ್ತು ಅಂತೀಯ, ಕೈ ಕೇಳಲೊಲ್ಲದು! ಒಂದು ದಿನ ನಿನಗೆ ತಿನ್ನಿಸಿಯೇ ಸಾಯಬೇಕು ಅಂದ್ಕೊಂಡಿದ್ದೆ. ತಿಂತೀಯಲ್ಲಕ್ಕ, ನೋಡೋಕಾಗ್ತಿಲ್ಲ ನನಗೆ."

"ತಪ್ಪಾಯ್ತು ಕಣೇ" ಎಂದರು ಅಜ್ಜಿ. ಅವರ ಬಾಯಿಂದ ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅಪ್ಪನಂತೂ ತಲೆಯೆತ್ತಿ, ಇದು ತಮ್ಮ ಅವ್ವನೇ ಹೌದೇ ಎಂಬಂತೆ ನೋಡಿದರು.

ಚಿಕ್ಕಜ್ಜಿ ತಟ್ಟೆಯಲ್ಲಿದ್ದುದನ್ನು ಅಂಗಳದ ನಾಯಿಗೆ ಎಸೆದರು. ನಾಯಿ ಮೂಸಿ ನೋಡಿ ದೂರ ಹೋಗಿ ಮಲಗಿತು. ಮೊದಲು ನಕ್ಕವರು ಚಿಕ್ಕಜ್ಜಿ. ಆಮೇಲೆ ಅಜ್ಜಿ. ಇಬ್ಬರ ನಗುವೂ ಒಂದೇ ಥರ, ಕೊನೆಯಲ್ಲಿ ಕಾವಿಗೆ ಕೂತ ಕೋಳಿಯಂತೆ ಕೊಕ್‌ ಕೊಕ್‌ ಎನ್ನುತ್ತಿತ್ತು. ಆಗ ನಾವೂ ನಗಬಹುದೆಂದು ತಿಳಿದು ನಕ್ಕೆವು.

ಅಂದುಕೊಂಡದ್ದಕ್ಕಿಂತ ಹೆಚ್ಚು ದಿನ ಅಲ್ಲಿ ಉಳಿದೆವು. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಾನು ನೀರು ಕುಡಿಯಲು ಎದ್ದು ಬಂದೆ. ಪಡಸಾಲೆಯ ಮೆಟ್ಟಿಲ ಮೇಲೆ ಚಿಕ್ಕಜ್ಜಿ ಕಾಲು ಚಾಚಿ ಕೂತಿದ್ದರು. ಅವರ ಹಿಂದೆ ಮೇಲಿನ ಮೆಟ್ಟಿಲಲ್ಲಿ ಕೂತು ಅಜ್ಜಿ ತಲೆ ಬಾಚುತ್ತಿದ್ದರು.

"ಅಲ್ಲಾಡಬೇಡ, ಬೈತಲೆ ಸೊಟ್ಟ ಹೋಗುತ್ತೆ."

"ನನ್ನ ಬೈತಲೆ ಇನ್ನು ಯಾರು ನೋಡಬೇಕಕ್ಕ?"

"ನಾನು ನೋಡ್ತೀನಿ. ಸುಮ್ಮನೆ ಕೂತ್ಕೋ."

ಅಜ್ಜಿ ನನ್ನನ್ನು ಹತ್ತಿರ ಕರೆದು ನನ್ನ ಜಡೆಯಿಂದ ಕೆಂಪು ಟೇಪು ಬಿಚ್ಚಿಕೊಂಡರು. ಅದನ್ನು ತಂಗಿಯ ಕಿರುಬೆರಳ ಗಾತ್ರದ ಬಿಳಿ ಜಡೆಯ ತುದಿಗೆ ಕಟ್ಟಿ, ಹೂವಿನಂತೆ ಅಗಲಿಸಿ, ಬಾಚಣಿಗೆ ತೊಳೆಯಲು ಹಿತ್ತಲಿಗೆ ಹೋದರು. ಆಮೇಲೆ ಚಿಕ್ಕಜ್ಜಿ, ನಾನು ಕಂಬದ ಹಿಂದೆ ಸರಿದು ನಿಂತದ್ದನ್ನು ಮರೆತು, ಜಡೆಯನ್ನು ಮೆಲ್ಲಗೆ ಹೆಗಲ ಮೇಲಿನಿಂದ ಮುಂದಕ್ಕೆ ಎಳೆದುಕೊಂಡು, ಆ ಕೆಂಪು ಟೇಪನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತ ಕೂತರು.