ಒಂದು ಹಿಡಿ ಶೇಂಗಾ

ಶಾಂಭವಿಯ ಎದೆ ಧಸಕ್ಕೆಂದದ್ದು ಬಾಲಮ್ಮನ ಕೈ ನೋಡಿ. ಹಲಸೂರಿನ ಬಾಡಿಗೆ ಕೋಣೆಯಲ್ಲಿ ಬಾಲಮ್ಮ ಮಾರಾಟಕ್ಕೆಂದು ಗುರೆಳ್ಳು ಚಟ್ನಿಪುಡಿ ಕುಟ್ಟುತ್ತಿದ್ದಳು. ಶಾಂಭವಿ ಅದರ ಆನ್‌ಲೈನ್ ಪುಟಕ್ಕೆ ಹೊಸ ಫೋಟೊ ತೆಗೆಯಲು ಬಂದಿದ್ದಳು. ಬಾಲಮ್ಮ ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಹುರಿದ ಕಡಲೆಬೀಜ ತೆಗೆದು ಒರಳಿಗೆ ಸುರಿದಳು.

"ಅಕ್ಕಾ, ಕಡ್ಲೆಬೀಜ ಯಾಕೆ ಹಾಕಿದ್ರಿ?"

"ಇಲ್ಲಂದ್ರ ಕಹಿ ಆಗ್ತದ ತಂಗಿ. ಮೊದ್ಲಿಂದಾನೂ ಹಾಕ್ತೀನಿ."

"ಏನೇನ್ ಹಾಕ್ತೀರಿ ಅಂತ ನಾನು ಪಟ್ಟಿ ಕೇಳಿದಾಗ ಹೇಳ್ಲೇ ಇಲ್ವಲ್ಲ!"

"ಒಂದ್ ಹಿಡಿ ಶೇಂಗಾ ಏನ್ ಪಟ್ಟ್ಯಾಗ ಹೇಳೂದವ್ವಾ?"

ಪಾಪ, ಬಾಲಮ್ಮನ ಊರ ಕಡೆ ಅದು ಅಷ್ಟು ಸಹಜ. ತಪ್ಪೆಲ್ಲ ನಮ್ಮ ಈ ಜಾಣೆಯದು. ಆನ್‌ಲೈನ್ ಅಂಗಡಿಗೆ ಪುಟ ಮಾಡುವುದರಲ್ಲಿ ಶಾಂಭವಿಯದು ಎತ್ತಿದ ಕೈ. ಕೊಳ್ಳುವವರು ಯಾವುದಕ್ಕೆ ಹೆದರುತ್ತಾರೋ ಅದಕ್ಕೆ ಪುಟದ ನೆತ್ತಿಯಲ್ಲೇ ಉತ್ತರ ಕೊಡಬೇಕು ಅನ್ನುವವಳು. ಬಾಲಮ್ಮ ಹೇಳಿದ ಪಟ್ಟಿಯಲ್ಲಿ ಅದಿಲ್ಲದ್ದು ನೋಡಿ ಹಿಗ್ಗಿ, 'ಕಡಲೆಬೀಜ ಇಲ್ಲವೇ ಇಲ್ಲ' ಎಂದು ದಪ್ಪಕ್ಷರದಲ್ಲಿ ಹಾಕಿದ್ದಳು. ಕುಟ್ಟುವುದನ್ನು ಮಾತ್ರ ಒಂದು ದಿನವೂ ಎದುರು ಕೂತು ನೋಡಿರಲಿಲ್ಲ.

ಮೊನ್ನೆ ಕುಕ್ ಟೌನಿನ ಶಕೀಲಾ ಎಂಬಾಕೆ ಪುಟದ ಕೆಳಗೆ ಕೇಳಿದ್ದಳು: 'ಕಡಲೆಬೀಜ ತಿಂದರೆ ನನ್ನ ಮಗಳಿಗೆ ಉಸಿರು ಕಟ್ಟುತ್ತೆ. ಇದನ್ನು ಕೊಡಬಹುದಾ?' ಶಾಂಭವಿ ನಿಮಿಷದೊಳಗೆ ಬರೆದಿದ್ದಳು: 'ಧೈರ್ಯವಾಗಿ ಕೊಡಿ.' ಆ ಪೊಟ್ಟಣ ಈ ಬೆಳಿಗ್ಗೆ ತಲುಪಿದೆ ಎಂದು ಮೊಬೈಲ್ ತೋರಿಸುತ್ತಿತ್ತು.

ಅವಳು ಆರ್ಡರಿನಲ್ಲಿದ್ದ ನಂಬರಿಗೆ ಫೋನ್ ಮಾಡಿದಳು, ಶಕೀಲಾ ಎತ್ತಲಿಲ್ಲ. ಕುಕ್ ಟೌನಿಗೆ ಸಿಕ್ಕ ಆಟೊ ಹತ್ತಿ, ಮೊದಲು ಆ ಪುಟವನ್ನು ತೆಗೆದುಹಾಕಿದಳು. ಹಾಳಾದ್ದು ಟ್ರಾಫಿಕ್, ಹಲಸೂರು ಕೆರೆ ಹತ್ತಿರ ಆಟೊ ಅಲ್ಲಾಡಲಿಲ್ಲ.

"ಬೇಗ ಹೋಗಿ ಅಣ್ಣಾ, ಮಗು ಸತ್ತೋಗುತ್ತೆ!"

ಡ್ರೈವರ್ ತಿರುಗಿ ಅವಳ ಮುಖ ನೋಡಿ, ಗಾಡಿಯನ್ನು ಗಲ್ಲಿಗೆ ತಿರುಗಿಸಿದ. ದಾರಿಯುದ್ದಕ್ಕೂ ಅವಳು ನೆನಪಿಗೆ ಬಂದ ದೇವರಿಗೆಲ್ಲ ಹರಕೆ ಹೊತ್ತಳು.

ಬಾಗಿಲು ತೆಗೆದದ್ದು ಶಕೀಲಾ.

"ಚಟ್ನಿಪುಡಿ ಪೇಜ್ ಮಾಡಿದ್ದು ನಾನೇ. ಮಗೂಗೆ ಪುಡಿ ಕೊಟ್ರಾ? ಅದ್ರಲ್ಲಿ ಕಡ್ಲೆಬೀಜ ಇದೆ!"

"ಯಾ ಅಲ್ಲಾ! ಇಲ್ಲ, ಇನ್ನೂ ಒಡೆದಿಲ್ಲ. ಲೈಬಾ ಸ್ಕೂಲಿಂದ ಬಂದ್ಮೇಲೆ ಕೊಡೋಣ ಅಂತಿದ್ದೆ."

ಹೋದ ಜೀವ ಬಂದಂತಾಗಿ ಶಾಂಭವಿ ಹೊಸ್ತಿಲಲ್ಲೇ ಕುಸಿದು ಗೊಳೋ ಎಂದು ಅತ್ತಳು. ಶಕೀಲಾ ಅವಳನ್ನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ.

"ನಿಮ್ ಪೇಜ್ ಅಷ್ಟು ಚೆನ್ನಾಗಿತ್ತು ರೀ," ಅಂದಳು ಮೆಲ್ಲಗೆ. "ಇಂಥ ಮಕ್ಕಳ ಅಮ್ಮಂದಿರದ್ದೇ ಒಂದು ಗ್ರೂಪ್ ಇದೆ. ನಾನೇ ಅದ್ರಲ್ಲಿ ಹಾಕ್ಬಿಟ್ಟೆ. ಸುಮಾರು ಜನ ತರಿಸ್ಕೊಂಡಿದಾರೆ."

ನಿನ್ನೆಯಿಂದ ಹೋದ ಪೊಟ್ಟಣಗಳು ಇಪ್ಪತ್ತಮೂರು. ಬೆಳಿಗ್ಗೆ ಆ ಸಂಖ್ಯೆ ನೋಡಿ ಶಾಂಭವಿ ಕುಣಿದಾಡಿದ್ದಳು.

ಶಕೀಲಾ ಕೂಡಲೇ ಗ್ರೂಪಿಗೆ ಸುದ್ದಿ ಕಳಿಸಿದಳು. ಶಾಂಭವಿ ಒಂದೊಂದೇ ನಂಬರ್ ಒತ್ತುತ್ತಾ ಹೋದಳು. ಐದು ಮನೆಗಳಲ್ಲಿ ಇನ್ನೂ ಯಾರೂ ತಿಂದಿರಲಿಲ್ಲ. ಆರನೆಯ ನಂಬರನ್ನು ಒಬ್ಬ ಗಂಡಸು ಎತ್ತಿ, "ಆಸ್ಪತ್ರೇಲಿದೀವಿ, ಆಮೇಲೆ ಮಾಡಿ" ಅಂದ. ಹಿಂದೆ ಹೆಂಗಸೊಬ್ಬಳು ಅಳುತ್ತಿದ್ದಳು.

"ಇಡ್ಬೇಡಿ ಸಾರ್!" ಶಾಂಭವಿ ಕಿರುಚಿದಳು. "ಡಾಕ್ಟರಿಗೆ ಹೇಳಿ, ಚಟ್ನಿಪುಡೀಲಿ ಕಡ್ಲೆಬೀಜ ಇತ್ತು. ಇಲ್ಲ ಅಂತ ಬರೆದಿದ್ದು ನಾನೇ."