ಬೋರಲು ಮಲಗಿದ ಮಾವನ ಜೆಟ್ ವಿಮಾನ

ಕಣ್ಣಿನ ಡಾಕ್ಟರು ಹೇಳಿದ್ದನ್ನು ಕೇಳಿ ಅತ್ತೆ "ಏನಂದ್ರಿ?" ಎಂದರು. ಡಾಕ್ಟರು ಬೇಸರಪಡದೆ ಮತ್ತೆ ಹೇಳಿದರು. ಯಜಮಾನರ ಕಣ್ಣಿನ ಹಿಂದಿನ ಪರದೆ ಕಿತ್ತು ಬಂದಿತ್ತು, ಅದನ್ನು ಜಾಗಕ್ಕೆ ಕೂರಿಸಿ ಒಳಗೊಂದು ಗಾಳಿಗುಳ್ಳೆ ಬಿಟ್ಟಿದ್ದಾಗಿದೆ. ಆ ಗುಳ್ಳೆ ಮೇಲೆದ್ದು ಪರದೆಯನ್ನು ಒತ್ತಿ ಹಿಡಿಯಬೇಕಾದರೆ ಯಜಮಾನರು ಒಂದು ವಾರ ಬೋರಲು ಮಲಗಿರಬೇಕು. ಊಟಕ್ಕೆ, ಬಚ್ಚಲಿಗೆ ಎದ್ದರೂ ತಲೆ ತಗ್ಗಿಸಿಯೇ ಓಡಾಡಬೇಕು.

"ಮದುವೆಯಾದಾಗಿಂದ ಇವರು ಯಾರ ಮುಂದೂ ತಲೆ ತಗ್ಗಿಸಿದ್ದು ನಾನು ಕಂಡಿಲ್ಲ," ಎಂದು ಅತ್ತೆ ಅಳಿಯನ ಕಿವಿಯಲ್ಲಿ ಪಿಸುಗುಟ್ಟಿದರು. "ಒಂದು ವಾರ ಹೇಗಪ್ಪಾ ತಳ್ಳೋದು?"

ಅಳಿಯನಿಗೂ ಅದೇ ಚಿಂತೆ. ಅವನು ರೇಡಿಯೋದಲ್ಲಿ ಟ್ರಾಫಿಕ್ ಸುದ್ದಿ ಓದುವವನು. ಯಾವ ರಸ್ತೆಯಲ್ಲಿ ಲಾರಿ ಕೆಟ್ಟು ನಿಂತಿದೆ, ಯಾವ ಸೇತುವೆಯ ಮೇಲೆ ಬಸ್ಸುಗಳು ಸಾಲುಗಟ್ಟಿವೆ ಎಂದು ಉಸಿರು ಬಿಡದೆ ಹೇಳುವುದೇ ಅವನ ಹೊಟ್ಟೆಪಾಡು. ಮಾತಾಡದೆ ಕೂತರೆ ಅವನಿಗೆ ಮೈಯೆಲ್ಲ ತುರಿಸಿದಂತಾಗುತ್ತದೆ. ಮಾವನೋ, ನೀರು ಸರಬರಾಜು ಕಚೇರಿಯಲ್ಲಿ ಕೊಳವೆಗಳ ನಕಾಶೆ ಬರೆದು ನಿವೃತ್ತರಾದವರು. ಮಗಳ ಮದುವೆಯಾದ ಮೇಲೆ ಅವರು ಅಳಿಯನೊಡನೆ ಆಡಿದ ಮಾತೆಲ್ಲ ಒಟ್ಟುಗೂಡಿಸಿದರೆ "ಬಂದ್ರಾ", "ಊಟ ಆಯ್ತಾ", "ಹೊರಟ್ರಾ" ಇಷ್ಟೇ. ಅಳಿಯನ ಹೆಂಡತಿ ಆಫೀಸಿನ ಕೆಲಸದ ಮೇಲೆ ಪರ ಊರಿಗೆ ಹೋಗಿದ್ದಳು. "ರಜ ಹಾಕಿ ಅಪ್ಪನ ಜೊತೆ ಇರಿ. ಆದ್ರೆ ದಮ್ಮಯ್ಯ, ಅವರ ತಲೆ ತಿನ್ಬೇಡಿ," ಎಂದು ಫೋನಿನಲ್ಲಿ ಬೇಡಿಕೊಂಡಿದ್ದಳು.

ಬಡಗಿ ಬಂದು ಮಾವನ ಮುಖದ ಅಗಲ ಅಳೆದು, ಅತ್ತೆಯ ಹಳೆಯ ಮಂಚದ ಹಲಗೆಯಲ್ಲಿ ದುಂಡನೆಯ ತೂತು ಕೊರೆದ. ಅಂಚಿಗೆ ಮೆತ್ತನೆ ಸ್ಪಂಜು ಸುತ್ತಿದ. ಅತ್ತೆ ಬಾಗಿಲ ಹಿಂದೆ ನಿಂತು, ಗಂಡನ ಕಣ್ಣಿಗೋ ತಮ್ಮ ಮಂಚಕ್ಕೋ ಗೊತ್ತಾಗದ ಹಾಗೆ, ಕಣ್ಣೊರೆಸಿಕೊಂಡರು. ಮಾವ ಬೋರಲು ಮಲಗಿ ತೂತಿನಲ್ಲಿ ಮುಖವಿಟ್ಟರು. ಅಂದಿನಿಂದ ಅವರಿಗೆ ಕಾಣುತ್ತಿದ್ದದ್ದು ನೆಲ, ಒಂದು ನೀರಿನ ಲೋಟ, ಬಂದವರ ಪಾದ.

ಆ ಸಂಜೆ ಅವರು ಊಟ ಬೇಡವೆಂದರು.

"ಕಣ್ಣು ನೋಯ್ತಿದೆಯಾ ಮಾವ?"

"ಕಣ್ಣಲ್ಲ," ಎಂದರು ಅತ್ತೆ. "ವಿಮಾನದ ನೋವು ಅದು. ಭಾನುವಾರ ಇವರ ಪುಟ್ಟ ವಿಮಾನಗಳ ಕ್ಲಬ್ಬಿನ ಪ್ರದರ್ಶನ. ವರ್ಷವೆಲ್ಲ ಕೂತು ಅಂಟಿಸಿ ಉಜ್ಜಿ ಇಟ್ಟಿದ್ದಾರೆ. ಬಣ್ಣ ಒಂದು ಬಾಕಿ."

ಹಿಂದಿನ ಕೋಣೆಯ ಮೇಜಿನ ಮೇಲೆ ಆ ಯುದ್ಧವಿಮಾನ ಇತ್ತು. ಎರಡು ಎಂಜಿನ್ನಿನ ಜೆಟ್ಟಿನ ಪುಟ್ಟ ಮಾದರಿ, ಮೊಳದುದ್ದವೂ ಇಲ್ಲ. ಮೈಗೆಲ್ಲ ಒಣಮರಳಿನ ಬಣ್ಣ ಹಚ್ಚಿಯಾಗಿತ್ತು. ಇನ್ನು ಅದರ ಮೇಲೆ ಹಸಿರು ಪಟ್ಟೆಗಳು ಬರಬೇಕು, ಮೇಲಿನಿಂದ ನೋಡಿದವರಿಗೆ ವಿಮಾನ ಯಾವುದು, ಪೊದೆ ಯಾವುದು ತಿಳಿಯಬಾರದು.

ಮಂಚದ ಕೆಳಗಿನಿಂದ ದನಿ ಬಂತು. "ಅಳಿಯಂದಿರೇ, ನಿಮ್ಮ ಕೈ ನಡುಗುತ್ತಾ?"

"ಇಲ್ಲ ಮಾವ."

"ತೋರಿಸಿ."

ಅಳಿಯ ಮಂಡಿಯೂರಿ ಎರಡೂ ಕೈಗಳನ್ನು ಮಂಚದಡಿಗೆ ಚಾಚಿದ. ಪಟ್ಟಿ ಕಟ್ಟದ ಒಂಟಿ ಕಣ್ಣು ಅವನ್ನು ಬಹಳ ಹೊತ್ತು ಪರೀಕ್ಷಿಸಿತು. ಇಲ್ಲದ ನಡುಕ ಆಗ ಶುರುವಾಯಿತು.

"ನಡುಗುತ್ತೆ," ಎಂದರು ಮಾವ. "ಇರಲಿ. ಬೇರೆ ಯಾರಿದ್ದಾರೆ."

ಮರುದಿನ ಮೇಜು ಮಂಚದ ಪಕ್ಕಕ್ಕೆ ಬಂತು. ಬಣ್ಣ ಸಿಂಪಡಿಸುವುದಕ್ಕೆ ಕಿಟಕಿಯ ಬಳಿ ಒಂದು ರಟ್ಟಿನ ಪೆಟ್ಟಿಗೆ, ಅದರ ಹಿಂದೊಂದು ಫ್ಯಾನು. ನೀರಿನ ಬಣ್ಣವಾದ್ದರಿಂದ ವಾಸನೆಯ ಕಾಟವಿರಲಿಲ್ಲ. ಮಾವ ತೂತಿನೊಳಗಿಂದಲೇ ಕೆಲಸ ಹೇಳಿಕೊಟ್ಟರು. ಪಟ್ಟೆಯ ಗೆರೆಗಳನ್ನು ಪೆನ್ಸಿಲ್ಲಿನಲ್ಲಿ ಆಗಲೇ ಎಳೆದಿಟ್ಟಾಗಿದೆ. ಗೋಡೆಗೆ ಚಿತ್ರ ಅಂಟಿಸುವ ಅಂಟುಮುದ್ದೆಯನ್ನು ಹೊಸೆದು ದಾರದ ಹಾಗೆ ಮಾಡಿ ಗೆರೆಯುದ್ದಕ್ಕೂ ಕೂರಿಸಬೇಕು. ದಾರ ದುಂಡಗಿರುವುದರಿಂದ ಬಣ್ಣದ ಅಂಚು ಕತ್ತರಿಸಿದಂತೆ ಕಾಣದೆ ಮೆತ್ತಗೆ ಬೀಳುತ್ತದೆ. ಮರಳಿನ ಬಣ್ಣ ಉಳಿಯಬೇಕಾದ ಕಡೆಯೆಲ್ಲ ತೆಳು ಕಾಗದದ ಟೇಪು ಮುಚ್ಚಬೇಕು. ಆಮೇಲೆ ಹಸಿರು.

ಹೇಳಲು ಸುಲಭ. ಅಳಿಯ ಹೊಸೆದ ದಾರ ಒಂದು ಕಡೆ ಸೂಜಿಯಂತೆ, ಇನ್ನೊಂದು ಕಡೆ ತಿಂದು ತೇಗಿದ ಎರೆಹುಳುವಿನಂತೆ ಇತ್ತು.

"ಏನ್ ಮಾಡ್ತಿದ್ದೀರಿ?" ಎಂದರು ಮಾವ.

"ಹೊಸೀತಾ ಇದ್ದೀನಿ ಮಾವ."

ಸ್ವಲ್ಪ ಹೊತ್ತು ಬಿಟ್ಟು, "ಈಗ?"

"ಇನ್ನೂ ಹೊಸೀತಾ ಇದ್ದೀನಿ."

"ಈಗ?"

ಅಳಿಯನಿಗೆ ತಲೆ ಕೆಟ್ಟುಹೋಯಿತು. ಗಂಟಲು ಸರಿಮಾಡಿಕೊಂಡು, ಬೆಳಗಿನ ಸುದ್ದಿಯ ದನಿ ತೆಗೆದೇಬಿಟ್ಟ. "ಕೇಳುಗರೇ, ಬಲ ರೆಕ್ಕೆಯ ಬುಡದಲ್ಲಿ ಸಂಚಾರ ನಿಧಾನವಾಗಿದೆ. ಅಂಟುಮುದ್ದೆಯ ದಪ್ಪ ವಾಹನವೊಂದು ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿದ್ದು, ಅದನ್ನು ಚಿಮಟದಿಂದ ತೆರವುಗೊಳಿಸಲಾಗುತ್ತಿದೆ. ರೆಕ್ಕೆಯ ತುದಿಯ ಕಡೆ ಹೋಗುವವರಿಗೆ ದಾರಿ ಸುಗಮ."

ಹೆಂಡತಿಯ ಮಾತು ನೆನಪಾಗಿ ಅಳಿಯ ನಾಲಿಗೆ ಕಚ್ಚಿಕೊಂಡ.

"ನಿಲ್ಲಿಸಿದ್ದು ಯಾಕೆ?" ಎಂದರು ಮಾವ. "ಹೀಗೇ ಹೇಳ್ತಾ ಹೋಗಿ. ಕಾಣ್ತಾ ಇದೆ ನನಗೆ."

ಬಾಯಿ ಓಡಿದ ಮೇಲೆ ಕೈಯೂ ಓಡಿತು. ಎರೆಹುಳುಗಳು ಬಡಕಲಾದವು. ಮಾವ ನಡುನಡುವೆ "ತಿರುವು ಎಷ್ಟು ಚೂಪಾಗಿದೆ?", "ಬಾಲದ ಹತ್ತಿರ ಏನು ಪರಿಸ್ಥಿತಿ?" ಎಂದು ಕೇಳುತ್ತಿದ್ದರು. ಎಲ್ಲಕ್ಕೂ ನೇರ ಪ್ರಸಾರದ ಉತ್ತರ ಸಿಗುತ್ತಿತ್ತು.

ಆ ಹೊತ್ತಿಗೆ ಪಕ್ಕದ ಮನೆಯಾಕೆ ರೋಗಿಯನ್ನು ನೋಡಿ ಹೋಗೋಣವೆಂದು ಹಣ್ಣು ತಂದರು. ಕೋಣೆಯ ಬಾಗಿಲು ಮುಚ್ಚಿತ್ತು. ತಟ್ಟಲು ಕೈ ಎತ್ತಿದವರಿಗೆ ಒಳಗಿನಿಂದ ಅಳಿಯನ ಸ್ಪಷ್ಟ ದನಿ ಕೇಳಿಸಿತು.

"ಮೂಗಿನ ಎರಡೂ ಕಡೆ ತೂತಿಗೆ ಸ್ಪಂಜು ತುರುಕಿ ಆಯ್ತು ಮಾವ, ಇನ್ನು ಗಾಳಿ ಆಡಲ್ಲ. ಹೊಟ್ಟೆಗೆ ಪೂರ್ತಿ ಟೇಪು ಸುತ್ತಿದ್ದೀನಿ. ಈಗ ಕುತ್ತಿಗೆ ಹತ್ರ ಹೆಚ್ಚಾಗಿರೋದನ್ನ ಬ್ಲೇಡಲ್ಲಿ ಕುಯ್ದುಬಿಡ್ತೀನಿ."

"ನಿಧಾನ," ಎಂದಿತು ಮಾವನ ಕ್ಷೀಣ ದನಿ. "ಮೈಗೆ ತಾಗಬಾರದು."

ಪಕ್ಕದ ಮನೆಯಾಕೆ ಹಣ್ಣಿನ ಚೀಲ ಅಲ್ಲೇ ಬಿಟ್ಟು ಅಡುಗೆಮನೆಗೆ ಓಡಿದರು. "ರೀ, ನಿಮ್ಮ ಅಳಿಯ! ನಿಮ್ಮ ಯಜಮಾನ್ರನ್ನ...!" ಅತ್ತೆ ತರಕಾರಿ ಹೆಚ್ಚುತ್ತಲೇ, "ಗೊತ್ತು ಬಿಡಿ," ಎಂದರು. "ನಾಳೆ ಬಣ್ಣನೂ ಹೊಡೀತಾರಂತೆ." ಆಕೆಗೆ ಎಲ್ಲವನ್ನೂ ಬಿಡಿಸಿ ಹೇಳಿ, ನೀರು ಕುಡಿಸಿ, ಕೋಣೆಗೆ ಕರೆತಂದು ತೋರಿಸುವ ಹೊತ್ತಿಗೆ ಅತ್ತೆಗೆ ಸಾಕುಬೇಕಾಯಿತು.

ಬಣ್ಣ ಹೊಡೆಯುವ ದಿನ ಬಂತು. ಏರ್‌ಬ್ರಷ್ ಎಂಬ ಆ ಪುಟ್ಟ ಪಿಚಕಾರಿಯನ್ನು ಅಳಿಯ ಹಿಡಿದದ್ದೇ ಮೊದಲು. "ಗಾಳಿ ಕಡಿಮೆ ಇಡಿ. ಮೇಲಿಂದ ನೇರ ಹೊಡೀರಿ, ಓರೆ ಹೊಡೆದ್ರೆ ದಾರದ ಕೆಳಗೆ ನುಗ್ಗುತ್ತೆ," ಎಂದು ಮಾವ ಎಚ್ಚರಿಸಿದರು. ಅಳಿಯ ತಲೆಯಾಡಿಸಿದ. ತಲೆಯಾಡಿಸಿದ್ದು ಮಾವನಿಗೆ ಕಾಣುವುದಿಲ್ಲವೆಂದು ನೆನಪಾಗಿ "ಹೂಂ" ಎನ್ನುವಾಗ ಬೆರಳು ಗುಂಡಿಯನ್ನು ಒತ್ತಿಬಿಟ್ಟಿತು.

"ಏನಾಯ್ತು?"

"ಸಣ್ಣ ಅಪಘಾತ ಮಾವ. ಪ್ರಾಣಹಾನಿ ಇಲ್ಲ."

"ಯಾವುದಕ್ಕೆ ಬಿತ್ತು?"

"ಅತ್ತೆಯ ಕಿಟಕಿ ಪರದೆಗೆ."

"ಅವಳಿಗೆ ಹೇಳ್ಬೇಡಿ. ಮಡಚಿ ಕಟ್ಟಿ," ಎಂದರು ಮಾವ. ಅಳಿಯನಿಗೆ ಅವರ ಮೇಲೆ ಅದೇ ಮೊದಲ ಸಲ ಪ್ರೀತಿ ಉಕ್ಕಿತು.

ಆಮೇಲೆ ಎಲ್ಲವೂ ಸಲೀಸಾಗಿ ನಡೆಯಿತು. ಹಸಿರು ಮಂಜಿನಂತೆ ಬಿದ್ದು, ತೆಳುವಾಗಿ ಒಂದರ ಮೇಲೊಂದು ಕೂತು ಗಟ್ಟಿಯಾಯಿತು. ಒಣಗಲು ಬಿಟ್ಟು, ಮರುದಿನ ಮಧ್ಯಾಹ್ನ ಬಿಚ್ಚಲು ಕೂತರು. ಒಂದೊಂದು ಎರೆಹುಳು ಎದ್ದಾಗಲೂ ಕೆಳಗಿನಿಂದ ಮರಳು ಬಣ್ಣ ಇಣುಕುತ್ತಿತ್ತು, ಹಸಿರು ಅದರೊಳಗೆ ಕರಗಿದಂತೆ ನಿಂತಿರುತ್ತಿತ್ತು. ಇದು ತನ್ನ ಕೈಯಿಂದಲೇ ಆದದ್ದೇ ಎಂದು ಅಳಿಯನಿಗೆ ನಂಬಿಕೆಯೇ ಬರಲಿಲ್ಲ. ದನಿ ಏರಿತು, ವರ್ಣನೆ ಉಬ್ಬಿತು. ಬಾಗಿಲಲ್ಲಿ ನಿಂತ ಅತ್ತೆ ಒಂದು ಸಲ ಚಪ್ಪಾಳೆಯನ್ನೂ ತಟ್ಟಿದರು.

ಕೊನೆಗೆ ಎಡ ರೆಕ್ಕೆ. ಅಲ್ಲಿ ಅಳಿಯ ಒಂದು ಗುಟ್ಟಿನ ಕೆಲಸ ಮಾಡಿದ್ದ. ಕಾಗದದ ಟೇಪು ಮುಗಿದಾಗ ಮಾವನನ್ನು ಕೇಳಲು ಅಂಜಿ, ಅಡುಗೆಮನೆಯ ಡ್ರಾಯರಿನಲ್ಲಿದ್ದ ಪಾರ್ಸೆಲ್ ಕಟ್ಟುವ ಅಗಲ ಟೇಪಿನ ತುಂಡೊಂದನ್ನು ಅಂಟಿಸಿದ್ದ. ಅದರ ತುದಿ ಹಿಡಿದು ಎಳೆದ. ಚರ್ರೆಂದಿತು. ಟೇಪಿನ ಜೊತೆಗೆ ಬಣ್ಣವೂ ಎದ್ದು ಬಂತು. ರೆಕ್ಕೆಯ ನಡುವೆ ಕಿರುಬೆರಳ ಉಗುರಿನಷ್ಟು ಜಾಗದಲ್ಲಿ ಬೋಳು ಪ್ಲಾಸ್ಟಿಕ್ಕು ಹಲ್ಲು ಕಿರಿಯಿತು.

ಅಳಿಯ ಮೈಕಿನ ಮುಂದೆ ಬೆಳೆದವನು. "ಎಡ ರೆಕ್ಕೆಯೂ ಸೊಗಸಾಗಿ ತೆರೆದುಕೊಂಡಿದೆ ಮಾವ," ಎಂದು ಒಂದೇ ಉಸಿರಿನಲ್ಲಿ ಹೇಳಿದ. "ಎಲ್ಲಾ ಕಡೆ ಸಂಚಾರ ಸುಗಮ."

"ಎಷ್ಟು ದೊಡ್ಡದು?"

"ಏನು ಮಾವ?"

"ಕಿತ್ತು ಬಂದ ಜಾಗ. ಅದು ನನ್ನ ಟೇಪಿನ ಸದ್ದಲ್ಲ."

ರೇಡಿಯೋ ಸೇರಿದ ಮೇಲೆ ಅಳಿಯನಿಗೆ ಮಾತೇ ಹೊರಡದಿದ್ದದ್ದು ಅದೇ ಮೊದಲು. ಏನೂ ತೋಚದೆ ವಿಮಾನವನ್ನೆತ್ತಿಕೊಂಡು ಮಂಡಿಯೂರಿ, ತೂತಿನ ಕೆಳಗೆ ನೆಲಕ್ಕಿಳಿಸಿದ. ತಾನೂ ಪಕ್ಕದಲ್ಲೇ ಅಂಗಾತ ಮಲಗಿ ಮಾವನ ಮುಖ ನೋಡಿದ. ತೂತಿನಲ್ಲಿ ಒತ್ತಿ ಕೆಂಪಾಗಿದ್ದ ಆ ಮುಖದಲ್ಲಿ ಕೆನ್ನೆಗಳು ಮೊದಲು ಅದುರಿದವು. ಅಳುತ್ತಾರೇನೋ ಎಂದು ಅಳಿಯನ ಜೀವ ಬಾಯಿಗೆ ಬಂತು. ಮಾವ ನಗುತ್ತಿದ್ದರು. "ಸಂಚಾರ ಸುಗಮ!" ಎನ್ನುತ್ತಾ ಮಂಚ ಕಿರುಗುಟ್ಟುವಂತೆ ನಕ್ಕರು. ಅತ್ತೆ "ಗುಳ್ಳೆ! ಗುಳ್ಳೆ ಅಲ್ಲಾಡುತ್ತೆ!" ಎಂದು ಕೂಗುತ್ತಾ ಬಂದು ಗಂಡನ ಬೆನ್ನನ್ನು ಎರಡೂ ಕೈಯಿಂದ ಒತ್ತಿ ಹಿಡಿದರು.

ನಗು ನಿಂತ ಮೇಲೆ ಚಿಕಿತ್ಸೆ ಶುರುವಾಯಿತು. ಗಾಯದ ಅಂಚನ್ನು ನಯವಾದ ಉಜ್ಜುಕಾಗದಕ್ಕೆ ನೀರು ಮುಟ್ಟಿಸಿ ಸವರಬೇಕು, ಮರಳು ಬಣ್ಣವನ್ನು ತೆಳುವಾಗಿ ಹಲವು ಸಲ ಕೊಡಬೇಕು, ಅಂಚಿಗೆ ಹಸಿರು ತಾಗಿಸಬೇಕು. ಶನಿವಾರವೆಲ್ಲ ಅದಕ್ಕೇ ಹೋಯಿತು. ಗಾಯ ಮುಚ್ಚಿತು. ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಬೇಕೆಂದೇ ಹುಡುಕಿದರೆ ಮಾತ್ರ ಒಂದು ಸಣ್ಣ ತಗ್ಗು ಕಾಣುತ್ತಿತ್ತು.

ಭಾನುವಾರ ಅಳಿಯ ವಿಮಾನವನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಬಸ್ಸಿನಲ್ಲಿ ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಪ್ರದರ್ಶನಕ್ಕೆ ಹೋದ. ಮನೆಯಲ್ಲಿ ಅತ್ತೆ ಫೋನನ್ನು ಮಂಚದಡಿ ನೆಲದ ಮೇಲಿಟ್ಟು ದನಿ ಜೋರು ಮಾಡಿದರು.

"ತೀರ್ಪುಗಾರರು ನಮ್ಮ ಮೇಜಿಗೆ ಬಂದ್ರು ಮಾವ," ಎಂದು ಅಳಿಯ ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ. "ಬಗ್ಗಿದ್ರು. ಮೂಗು ನೋಡಿದ್ರು, ತಲೆದೂಗಿದ್ರು. ಅಯ್ಯೋ, ಟಾರ್ಚ್ ತೆಗೆದ್ರು."

"ಯಾವ ಕಡೆಯಿಂದ ಬಿಡ್ತಿದ್ದಾರೆ?"

"ಬಲಗಡೆಯಿಂದ."

"ಹಾಗಿದ್ರೆ ತಗ್ಗು ಕಾಣಲ್ಲ. ಧೈರ್ಯವಾಗಿರಿ."

ತೀರ್ಪುಗಾರರು ಟಾರ್ಚ್ ಆರಿಸಿ ನೆಟ್ಟಗೆ ನಿಂತರು. ಮುಖದಲ್ಲಿ ಮೆಚ್ಚುಗೆ ಇತ್ತು. ಆದರೆ ಅವರು ನೋಡುತ್ತಿದ್ದದ್ದು ಅಳಿಯನನ್ನು. "ನಿಮ್ಮ ದನಿ ಎಲ್ಲೋ ಕೇಳಿದ್ದೀನಲ್ಲ?"

ಅಳಿಯ ಹಿಗ್ಗಿಹೋದ. "ಟ್ರಾಫಿಕ್ ಸುದ್ದಿ ಸಾರ್, ರೇಡಿಯೋದಲ್ಲಿ. ನಾನೇ."

"ಓಹೋ, ನೀವೇನಾ!" ತೀರ್ಪುಗಾರರ ಹುಬ್ಬು ಗಂಟಿಕ್ಕಿತು. "ಹೋದ ತಿಂಗಳು ಸೇತುವೆ ಖಾಲಿ ಇದೆ ಅಂದಿದ್ದು ನೀವೇ ತಾನೇ? ನಿಮ್ಮ ಮಾತು ನಂಬಿ ಆ ಸೇತುವೆ ಮೇಲೆ ಅರ್ಧ ದಿನ ನಿಂತಿದ್ದೆ ಸ್ವಾಮಿ! ನನ್ನ ತಂಗಿ ಮದುವೆ ಮುಗಿದೇಹೋಯ್ತು!"

ಫೋನಿನೊಳಗಿನಿಂದ ಮಂಚ ಕಿರುಗುಟ್ಟುವ ಸದ್ದೂ "ಗುಳ್ಳೆ! ಗುಳ್ಳೆ!" ಎಂಬ ಅತ್ತೆಯ ಕೂಗೂ ಕೇಳಿಸಿದವು.

ವಿಮಾನಕ್ಕೆ ನಾಲ್ಕನೆಯ ಸ್ಥಾನ ಬಂತು. ಬಹುಮಾನ ಇದ್ದದ್ದು ಮೂವರಿಗೆ. ಅಳಿಯ ಹ್ಯಾಪುಮೋರೆ ಹಾಕಿಕೊಂಡು ಮನೆಗೆ ಬಂದು ಮಂಚದ ಪಕ್ಕ ಕೂತ.

"ನನ್ನಿಂದ ಹೋಯ್ತು ಮಾವ."

"ರೆಕ್ಕೆಗೆ ಹೋಗಲಿಲ್ಲವಲ್ಲ, ಸೇತುವೆಗೆ ಹೋಯ್ತು," ಎಂದರು ಮಾವ. "ಅದು ನನ್ನ ಲೆಕ್ಕಕ್ಕೆ ಬರಲ್ಲ. ಗೆದ್ದವನ ವಿಮಾನ ಹೇಗಿತ್ತು? ಮೂಗಿನಿಂದ ಶುರು ಮಾಡಿ."

ಅಳಿಯ ಮೂಗಿನಿಂದ ಶುರು ಮಾಡಿ ಬಾಲದವರೆಗೆ ಹೇಳಿದ. ಗೆದ್ದ ವಿಮಾನದಲ್ಲಿ ಅವರಿಬ್ಬರೂ ಸೇರಿ ಹುಡುಕಿದ ತಪ್ಪುಗಳನ್ನು ಕೇಳಿ ಅತ್ತೆಗೆ ಆ ಗೆದ್ದವನ ಮೇಲೆ ಕನಿಕರ ಹುಟ್ಟಿತು.

ವಾರ ಕಳೆದು ಡಾಕ್ಟರು ಅಪ್ಪಣೆ ಕೊಟ್ಟ ದಿನ ಮಾವ ಎದ್ದು ಕೂತರು. ಸ್ಪಂಜಿನ ದುಂಡು ಗುರುತು ಮುಖದ ಸುತ್ತ ಇನ್ನೂ ಹಾಗೇ ಇತ್ತು. ಕಾಫಿಯನ್ನೂ ಮುಟ್ಟದೆ ವಿಮಾನ ತರಿಸಿದರು. ಕಿಟಕಿಯ ಬೆಳಕಿಗೆ ಹಿಡಿದು ಬಲ ರೆಕ್ಕೆ, ಎಡ ರೆಕ್ಕೆ, ಬಾಲ ಎಲ್ಲವನ್ನೂ ಒಂಟಿ ಕಣ್ಣಿನಲ್ಲೇ ನೋಡಿದರು. ಕೊನೆಗೆ ವಿಮಾನವನ್ನು ಮಗುಚಿ ಹೊಟ್ಟೆ ನೋಡಿದರು. ಅಲ್ಲಿ, ನಟ್ಟನಡುವೆ, ಹಸಿರು ಬಣ್ಣ ಮೆತ್ತಿದ ಕೈಯಲ್ಲಿ ಯಾರೋ ಒತ್ತಿ ಹಿಡಿದ ಹೆಬ್ಬೆಟ್ಟಿನ ಗುರುತು ಗೆರೆಗೆರೆಯಾಗಿ ಮೂಡಿತ್ತು.

"ಇದು ಯಾರದು?"

"ನಂದೇ ಮಾವ," ಎಂದ ಅಳಿಯ.

ಮಾವ ಆ ಗುರುತನ್ನು ಇನ್ನೊಮ್ಮೆ ನೋಡಿದರು. "ಓದು ಬರಹ ಬಲ್ಲವರು ನೀವು. ಸಹಿ ಹಾಕಬಾರದಿತ್ತಾ?"

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅಳಿಯ ಉಜ್ಜುಕಾಗದ ಹುಡುಕಲು ಡ್ರಾಯರಿಗೆ ಕೈ ಹಾಕಿದ. ಮಾವ ಬೇಡವೆಂದು ಕೈಯಾಡಿಸಿ, ವಿಮಾನವನ್ನು ಗಾಜಿನ ಬೀರುವಿನಲ್ಲಿ ಮೇಲಿನ ಸಾಲಿಗಿಟ್ಟು, ಅಲ್ಲಿ ಕಾದಿದ್ದ, ಇನ್ನೂ ತೆರೆಯದ ಹೊಸ ಪೆಟ್ಟಿಗೆಯೊಂದನ್ನು ಕೆಳಗಿಳಿಸಿದರು. ಅದರ ಮೇಲೆ ಹೆಲಿಕಾಪ್ಟರಿನ ಚಿತ್ರವಿತ್ತು.

"ಕೂತ್ಕೊಳ್ಳಿ," ಎಂದರು. "ಇದಕ್ಕೆ ಮೂರು ಬಣ್ಣ. ಮೊದಲು ಹೋಗಿ ಕಾಗದದ ಟೇಪು ತಂದುಬಿಡಿ. ಜಾಸ್ತಿನೇ ತನ್ನಿ."