ಕದಲದ ಚುಕ್ಕೆ

ನೀಲಿ ಚುಕ್ಕೆ ಹುಣಸೆಮರದ ತಿರುವಿನಲ್ಲೇ ನಿಂತಿತ್ತು. ಫೋನಿನ ಪರದೆಯನ್ನು ಎಷ್ಟು ಸಲ ಬೆರಳಿನಿಂದ ಕೆಳಗೆಳೆದರೂ ಕದಲಲಿಲ್ಲ. ಸಾಸಿವೆಯಷ್ಟು ಚಿಕ್ಕ ಆ ಚುಕ್ಕೆಯೇ ನನ್ನ ಸೋದರಮಾವ ಚನ್ನವೀರ.

ಅಂದು ಬೆಳಗಿನ ಜಾವ ಅವ್ವ ತೀರಿಕೊಂಡಿದ್ದಳು. ನಮ್ಮಲ್ಲಿ ಹೆಣ್ಣುಮಗಳ ಕೊನೆಯ ಸೀರೆ ತವರಿನಿಂದಲೇ ಬರಬೇಕು. ತವರಿನಲ್ಲಿ ಉಳಿದಿದ್ದವನು ಮಾವ ಒಬ್ಬನೇ. ಸೀರೆ ಕೊಂಡು, ಬೈಕ್ ಹತ್ತುವ ಮುನ್ನ ಫೋನ್ ಮಾಡಿದ್ದ.

"ನಾನೆಲ್ಲಿದ್ದೀನಿ ಅಂತ ನಿನ್ನ ಫೋನಲ್ಲಿ ಕಾಣೋ ಹಾಗೆ ಮಾಡಿದ್ದೀನಿ. ನೋಡ್ಕೊಂಡು ದೊಡ್ಡವರಿಗೆ ಹೇಳ್ತಿರು. ನಾನು ಬರೋವರೆಗೂ ನಮ್ಮಕ್ಕನ್ನ ಎತ್ತಬೇಡ್ರಪ್ಪ."

ಚುಕ್ಕೆ ಸರಿದಂತೆಲ್ಲ ನಾನು ಅಂಗಳಕ್ಕೆ ಕೇಳುವಂತೆ ಹೇಳುತ್ತಿದ್ದೆ: ಹೊಳೆ ದಾಟಿದ, ಗುಡ್ಡ ಹತ್ತಿದ. ಆಮೇಲೆ ಅದು ತಿರುವಿನಲ್ಲಿ ನಿಂತುಬಿಟ್ಟಿತು. ಅಲ್ಲೊಂದು ಬಾರು ಇರುವುದು ಎಲ್ಲರಿಗೂ ಗೊತ್ತಿತ್ತು. ಮಾವ ಅಲ್ಲಿ ಕುಡಿದು ಬಿದ್ದ ಕತೆಗಳೂ ಗೊತ್ತಿದ್ದವು. ಅವ್ವನ ತಲೆ ಮುಟ್ಟಿ ಆಣೆ ಮಾಡಿ ಅವನು ಕುಡಿತ ಬಿಟ್ಟು ಎರಡು ವರ್ಷವಾಗಿತ್ತು. ಅದನ್ನು ಮಾತ್ರ ಯಾರೂ ನೆನೆಯಲಿಲ್ಲ. ನಾನೂ.

"ಎಲ್ಲಿದ್ದಾನಂತೋ ನಿನ್ನ ಮಾವ?" ಯಜಮಾನಿಕೆ ಹೊತ್ತಿದ್ದ ದೊಡ್ಡಪ್ಪ ಕೇಳಿದ.

"ತಿರುವಿನಲ್ಲೇ, ದೊಡ್ಡಪ್ಪ. ಫೋನ್ ಹತ್ತುತ್ತಿಲ್ಲ."

"ಹೇಗೆ ಹತ್ತುತ್ತೆ? ಅಕ್ಕ ಸತ್ತ ದಿನಾನೂ ಅವನ ಗಂಟಲು ಒಣಗ್ತಲ್ಲ, ಭೇಷ್!"

ಯಾರೋ ನಕ್ಕು, ತಡೆದುಕೊಂಡರು.

"ಸರಿಯಾಗಿ ನೋಡಿ ಹೇಳು. ಹೊತ್ತು ಮುಳುಗೋದರೊಳಗೆ ಬರ್ತಾನೋ ಇಲ್ವೋ?"

"ಇಲ್ಲ. ಅಲ್ಲಿಂದ ಇನ್ನೂ ಎರಡು ಗಂಟೆ ದಾರಿ."

ಮನೆಯಲ್ಲಿದ್ದ ಸೀರೆಯನ್ನೇ ಉಡಿಸಿದರು.

ಮಣ್ಣು ಕೊಟ್ಟು ಕೈ ತೊಳೆಯುತ್ತಿದ್ದಾಗ ಬೈಕ್ ಬಂದು ನಿಂತಿತು. ಮಾವನ ಹುಬ್ಬಿನ ತುಂಬ ಧೂಳು. ಅಂಗಿಯೊಳಗೆ, ಎದೆಗವಚಿಕೊಂಡಂತೆ, ಹಸಿರು ಸೀರೆ. ಅವನು ನೀರಿಗೂ ಎಲ್ಲೂ ನಿಂತಿರಲಿಲ್ಲವೆಂದು ಒಡೆದ ತುಟಿಗಳೇ ಹೇಳುತ್ತಿದ್ದವು. ಯಾರನ್ನೂ ಮಾತಾಡಿಸದೆ ಹಸಿಮಣ್ಣಿನ ಮೇಲೆ ಸೀರೆ ಹರಡಿದ. ಗಾಳಿಗೆ ಏಳದಂತೆ ನಾಲ್ಕು ಮೂಲೆಗೂ ಕಲ್ಲಿಟ್ಟ.

ನಾನು ಫೋನ್ ತೆಗೆದೆ. ಚುಕ್ಕೆ ಇನ್ನೂ ತಿರುವಿನಲ್ಲೇ ಇತ್ತು. ಅದರ ಕೆಳಗೆ ಬೂದಿಬಣ್ಣದ ಸಣ್ಣ ಅಕ್ಷರಗಳಲ್ಲಿ ಒಂದು ಸಾಲು. ಚುಕ್ಕೆ ನಿಂತಾಗಿನಿಂದಲೂ ಅದು ಅಲ್ಲೇ ಇತ್ತು, ನಾನು ಓದಿರಲಿಲ್ಲ: 'ಕೊನೆಗೆ ಕಂಡದ್ದು ಎರಡು ಗಂಟೆ ಹತ್ತು ನಿಮಿಷದ ಹಿಂದೆ.'

"ತಿರುವಿನ ಹತ್ರ ಚಾರ್ಜ್ ಮುಗಿದು ಫೋನ್ ಸತ್ತೋಯ್ತು ಕಣಪ್ಪ," ಮಾವ ನನ್ನ ಬಳಿ ಬಂದು ಹೇಳಿದ. "ಆದ್ರೂ ನಾನು ಬರ್ತಿರೋದು ನಿನಗೆ ಕಾಣ್ತಿತ್ತಲ್ಲ? ಇವರಿಗೆ ಹೇಳ್ಲಿಲ್ವಾ?"

ಸತ್ತ ಫೋನು ಏನನ್ನೂ ತೋರಿಸುವುದಿಲ್ಲವೆಂದು ಅವನಿಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು.

"ಹೇಳಿದೆ, ಮಾವ," ಎಂದೆ. "ಯಾರೂ ಕೇಳಲಿಲ್ಲ."

ಅವನು ದೊಡ್ಡಪ್ಪನ ಕಡೆ ತಿರುಗಿ ನೋಡಿದ. ಅಂದಿನಿಂದ ಸಾಯುವವರೆಗೂ ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟಲಿಲ್ಲ. ನನ್ನನ್ನು ಮಾತ್ರ ಮಾವ ಕೊನೆಯವರೆಗೂ ತನ್ನ ಕಡೆಯವನೆಂದೇ ನಂಬಿದ.

ಆ ಸಂಜೆ ಅವನು ನಮ್ಮ ಹೊಸ್ತಿಲು ತುಳಿಯಲಿಲ್ಲ. ಬೇಲಿಯಾಚೆ ನಿಂತು, ಚಾರ್ಜಿಗೆ ಹಾಕೆಂದು ಫೋನ್ ಕೊಟ್ಟ. ಒಳಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಅದಕ್ಕೆ ಜೀವ ಬಂತು. ನನ್ನ ಅಂಗೈಯಲ್ಲಿ ಚುಕ್ಕೆ ಹುಣಸೆಮರವನ್ನು ಬಿಟ್ಟು, ಒಂದೇ ನೆಗೆತಕ್ಕೆ ಅಷ್ಟೂ ದಾರಿ ದಾಟಿ, ನಮ್ಮ ಮನೆಯ ಮೇಲೆ ಬಂದು ಕೂತಿತು. ಕೆಳಗೆ ಬರೆದಿತ್ತು: 'ಈಗಷ್ಟೇ.'